ನೀರು ಇಳಿದ ಗುರುತು

ನೀರು ಮತ್ತೆ ಇಳಿದಿತ್ತು. ಭೋಜ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಅಂಗಳಕ್ಕೆ ಇಳಿದು, ಪೂಲಿನ ಅಂಚು ಹಿಡಿದು ಬಗ್ಗಿ ನೋಡಿದ. ಒಳಗಿನ ನೀಲಿ ಪ್ಲಾಸ್ಟಿಕ್ ಹಾಳೆಯ ಮೇಲ್ಭಾಗದಲ್ಲಿ ಸುತ್ತಲೂ ಮೀನುಗಳ ಒಂದು ಸಾಲು ಅಚ್ಚಾಗಿತ್ತು. ಮೊನ್ನೆ ಸಂಜೆ ತಾನೇ ಪೈಪು ಹಿಡಿದು ನಿಂತು ಆ ಮೀನುಗಳೆಲ್ಲ ಮುಳುಗುವಷ್ಟು ತುಂಬಿಸಿದ್ದ. ಈಗ ಅವುಗಳ ಬೆನ್ನು ಒಣಗಿತ್ತು. ಬಿಸಿಲಿಗೆ ಆರಿತು ಎನ್ನೋಣವೆಂದರೆ ಡಿಸೆಂಬರಿನ ಬಿಸಿಲು ಅಂಥದ್ದೇನಲ್ಲ. ಸೋರುತ್ತಿದೆ ಎನ್ನೋಣವೆಂದರೆ ರಾತ್ರಿಯೂ ಸೋರಬೇಕಿತ್ತಲ್ಲ. ರಾತ್ರಿಯಿಡೀ ಇದ್ದಲ್ಲೇ ಇರುವ ನೀರು, ತಾನು ಮೆಲ್ಕಾರಿನ ಹೋಟೆಲಿನ ಗಲ್ಲಾದಲ್ಲಿ ಕೂತಿರುವ ಹೊತ್ತಿನಲ್ಲಿ ಮಾತ್ರ ಇಳಿಯುತ್ತದೆ ಎಂದರೆ ಒಂದೋ ಆ ನೀರಿಗೆ ಕಣ್ಣಿರಬೇಕು, ಇಲ್ಲವೇ ಯಾರಿಗೋ ತನ್ನ ಮೇಲೆ ಕಣ್ಣಿರಬೇಕು. ಗಲ್ಲಾದಲ್ಲಿ ಕೂತು ಕೂತು ಅವನಿಗೆ ಮನುಷ್ಯರ ಮುಖಕ್ಕಿಂತ ಕೈ ನೋಡುವ ಅಭ್ಯಾಸವಾಗಿತ್ತು. ಎರಡು ಬನ್ಸು ತಿಂದು ಒಂದು ಎನ್ನುವವರು, ಚಟ್ನಿಯ ಕೆಳಗೆ ಗೋಳಿಬಜೆ ಅಡಗಿಸುವ ಸಪ್ಲೈಯರು, ಸಕ್ಕರೆ ಡಬ್ಬಿಯ ಮುಚ್ಚಳವನ್ನು ಸದ್ದಿಲ್ಲದೆ ತೆಗೆಯುವ ಅಡುಗೆಯವನು. ಯಾರನ್ನಾದರೂ ಹಿಡಿದು ಹಾಕಿದ ದಿನ ಅವನಿಗೆ ಊಟ ರುಚಿಸುತ್ತಿತ್ತು. ಯಾರೂ ಸಿಕ್ಕದ ದಿನ, ಇವತ್ತು ಯಾರೋ ತನ್ನನ್ನು ಚೆನ್ನಾಗಿಯೇ ಯಾಮಾರಿಸಿದ್ದಾರೆ ಎನಿಸುತ್ತಿತ್ತು.

ಇವತ್ತು ಹೋಟೆಲು ಇರಲಿಲ್ಲ. ಎಲ್ಲೋ ಯಾರೋ ಯಾರಿಗೋ ಹೊಡೆದರೆಂದು ತಾಲೂಕಿಡೀ ಬಂದ್ ಕರೆದಿದ್ದರು. ಹೈವೇಯಲ್ಲಿ ಬಸ್ಸಿನ ಸದ್ದಿಲ್ಲದೆ ಬೆಳಗು ಯಾವುದೋ ಬೇರೆ ಊರಿನದ್ದರಂತೆ ಇತ್ತು. ಬೆಳಕು ಹರಿಯುವ ಮೊದಲೇ ಮನೆ ಬಿಡುವ ಭೋಜನಿಗೆ ತನ್ನ ಅಂಗಳದಲ್ಲಿ ಈ ಹೊತ್ತಿನ ಬಿಸಿಲು ಎಲ್ಲಿ ಬೀಳುತ್ತದೆ ಎನ್ನುವುದೇ ಮರೆತುಹೋಗಿತ್ತು. ಎದ್ದವನು ಕಿಟಕಿಯ ಹಿಂದೆ ಕೂತು ಪೂಲನ್ನೇ ಕಾದ. ಯಾರೂ ಬರಲಿಲ್ಲ. ಬರಲಿಲ್ಲ ಎನ್ನುವುದೇ ಅವನಿಗೆ ಸಾಕ್ಷಿಯಾಯಿತು. ಅಂಗಳದಲ್ಲಿ ಕಾರು ನಿಂತಿದೆ, ಯಜಮಾನ ಮನೆಯಲ್ಲಿದ್ದಾನೆ ಎಂದು ಬರುವವರಿಗೆ ಕಾಣುತ್ತದೆ ಎಂದ ಹಾಗಾಯಿತು. ಅವನ ಅಂಗಳ ಕಾಣುವುದು ಒಂದೇ ಮನೆಗೆ. ಪಕ್ಕದ ಅಬ್ದುಲ್ ಶುಕೂರರ ಮನೆಗೆ.

ಪೂಲೂ ಮೂಲದಲ್ಲಿ ಶುಕೂರರದ್ದೇ. ಅಲ್ಲಿಂದಲೇ ಎಲ್ಲ ತಾಪತ್ರಯ. ದಮ್ಮಾಮಿನಲ್ಲಿ ಒಬ್ಬ ಅರಬಿಯ ಮನೆಯ ಡ್ರೈವರಾಗಿದ್ದ ಶುಕೂರರು ಕೆಲಸ ಬಿಟ್ಟು ಬರುವಾಗ, ಮಕ್ಕಳೆಲ್ಲ ದೊಡ್ಡವರಾದರು ಎಂದು ಆ ಅರಬಿ ಬಿಚ್ಚಿ ಕಟ್ಟಿ ಕೊಟ್ಟದ್ದು: ತಗಡಿನ ಗೋಡೆ, ಕಬ್ಬಿಣದ ಕಾಲುಗಳು, ನೀಲಿ ಹಾಳೆ, ಪಂಪು, ಅಲ್ಯುಮಿನಿಯಮ್ಮಿನ ಏಣಿ. ನೆಲ ಅಗೆಯಬೇಕಾಗಿಲ್ಲ, ನೆಲದ ಮೇಲೆಯೇ ನಿಲ್ಲುತ್ತದೆ. ಆದರೆ ನೆಲ ಮಟ್ಟಸವಾಗಿರಬೇಕು. ಶುಕೂರರ ಹಿತ್ತಿಲೋ ಇಳಿಜಾರು. ಭೋಜನ ಅಂಗಳ ಹಿಂದೆ ಭತ್ತ ಬಡಿದ ಅಂಗಳ, ಅಂಗೈಯಷ್ಟು ಸಮ. ಮೂಲೆಯಲ್ಲಿ ನಾಗನ ಕಟ್ಟೆ ಇದ್ದುದರಿಂದ ಅಲ್ಲಿ ಗುದ್ದಲಿ ಹಾಕುವ ಹಾಗಿರಲಿಲ್ಲ. ಅಗೆಯದೆ ನಿಲ್ಲುವ ಪೂಲು ಎಂದರೆ ಯಾರ ತಕರಾರೂ ಇಲ್ಲ. ‘ನಿಮ್ಮಲ್ಲೇ ಇರಲಿ ಭೋಜಣ್ಣ, ಎರಡು ಮನೆಯ ಮಕ್ಕಳೂ ಆಡ್ತಾರೆ’ ಎಂದು ಶುಕೂರರು ತಾವೇ ನಿಂತು ಜೋಡಿಸಿಕೊಟ್ಟರು. ಅವತ್ತಿನಿಂದ ವಾರಕ್ಕೊಮ್ಮೆ ಎರಡು ಮನೆಗಳ ನಡುವಿನ ಗೋಡೆಯಲ್ಲಿ ಓಡಾಡಲೆಂದು ಬಿಟ್ಟಿದ್ದ ತಡಮೆ ದಾಟಿ ಬಂದು ಪಂಪಿನ ಬುಟ್ಟಿ ತೆಗೆದು ಕಸ ಚೆಲ್ಲಿ, ಕ್ಲೋರಿನ್ ಪುಡಿ ಹಾಕಿ ಹೋಗುತ್ತಿದ್ದರು. ತನ್ನದೆಂದು ಅವರು ಒಂದು ದಿನವೂ ಹೇಳಲಿಲ್ಲ. ನಿಮ್ಮದೆಂದೂ ಹೇಳಲಿಲ್ಲ. ಊರವರು ಮಾತ್ರ ‘ಭೋಜಣ್ಣನ ಟಾಂಕಿ’ ಎಂದು ತಮಾಷೆ ಮಾಡುವಾಗ ಶುಕೂರರೂ ಜೊತೆಗೆ ನಗುತ್ತಿದ್ದರಲ್ಲ, ಆ ನಗುವಿನಲ್ಲಿ ಏನಿತ್ತು ಎಂದು ಭೋಜ ಎಷ್ಟೋ ಸಲ ಯೋಚಿಸಿದ್ದ.

ಕಳೆದ ವಾರ ಏಣಿಯ ಬಳಿ ನೆಲ ಒದ್ದೆ ಇತ್ತು. ಒಣಗಿದ ಮೇಲೂ ಮಣ್ಣಿನಲ್ಲಿ ಕಾಲಿನ ಗುರುತು ಉಳಿದಿತ್ತು, ಅಗಲವಾದ, ಬೆರಳು ಬಿಡಿಬಿಡಿಯಾದ ಹೆಜ್ಜೆ. ನೀಲಿ ಹಾಳೆಯ ಅಂಚಿನಲ್ಲಿ ಕೈಯಾಡಿಸಿದರೆ ಎಣ್ಣೆಯ ಜಿಡ್ಡು. ಮೂಸಿ ನೋಡಿದ್ದ. ಗೊತ್ತಿರುವ ವಾಸನೆಯೇ, ಆದರೆ ಯಾವುದೆಂದು ಹೊಳೆಯಲಿಲ್ಲ. ಅತ್ತರಿರಬೇಕು ಎಂದುಕೊಂಡ. ಶುಕೂರರ ಸೊಸೆ ಶಾಹಿದಾ ಆ ಕಡೆ ಬಟ್ಟೆ ಒಣಗಿಸುವಾಗ ಗೋಡೆಯ ಮೇಲಿಂದ ತಲೆಯ ಬಟ್ಟೆ ಮಾತ್ರ ಕಾಣುತ್ತಿತ್ತು. ಹೀಗೆ ಅಂದುಕೊಂಡ ಮೇಲೆ ಆ ಬಟ್ಟೆ ನೆನಪಾದರೂ ಅವನ ಮೈ ಬಿಸಿಯಾಗುತ್ತಿತ್ತು. ಅವರ ಮನೆಯ ಹೆಂಗಸು ತನ್ನ ಅಂಗಳದಲ್ಲಿ, ತಾನಿಲ್ಲದಾಗ, ಮೈ ಒದ್ದೆ ಮಾಡಿಕೊಂಡು. ನಾಳೆ ಯಾರಾದರೂ ನೋಡಿದರೆ ಹೆಸರು ಯಾರದ್ದು ಕೆಡುವುದು? ಅಷ್ಟಕ್ಕೆ ನಿಲ್ಲದೆ ಮನಸ್ಸು ಮುಂದೆ ಹೋಗಿ ಏಣಿಯಿಂದ ಇಳಿಯುವ ಕಾಲನ್ನು ಕಲ್ಪಿಸಿಕೊಂಡು, ತಕ್ಷಣ ತನ್ನನ್ನೇ ಯಾರೋ ಹಿಡಿದುಹಾಕಿದ ಹಾಗೆ ನಾಚಿಕೊಳ್ಳುತ್ತಿತ್ತು. ಆ ನಾಚಿಕೆಗೂ ಶುಕೂರರ ಮನೆಯವರೇ ಕಾರಣ ಎಂದು ಮತ್ತೂ ಸಿಟ್ಟು ಬರುತ್ತಿತ್ತು. ರಂಜಾನ್ ತಿಂಗಳು ಬೇರೆ. ಅವನು ಹೋಟೆಲಿಗೆ ಹೊರಡುವ ಹೊತ್ತಿಗೆ ಅವರ ಅಡುಗೆಮನೆಯಲ್ಲಿ ದೀಪ ಉರಿಯುತ್ತಿರುತ್ತಿತ್ತು, ಶುಕೂರರ ಹೆಂಡತಿ ಸೌದಾಳ ಪಾತ್ರೆಗಳ ಸದ್ದಾಗುತ್ತಿತ್ತು. ನೋಂಬು ಎಂದು ಉಪವಾಸ ಹಿಡಿಯುವವರು ಸೂರ್ಯ ಹುಟ್ಟುವ ಮೊದಲು ಉಣ್ಣಲು ಏಳುತ್ತಾರೆ ಎಂದು ಅವನಿಗೆ ಗೊತ್ತಿಲ್ಲವೆಂದಲ್ಲ. ಹುಟ್ಟಿದಾಗಿನಿಂದ ಪಕ್ಕದ ಮನೆಯವರು. ಆದರೆ ಉಣ್ಣಲು ಎದ್ದವರು ಉಂಡು ಮಲಗಿಯೇಬಿಡುತ್ತಾರೆ ಎಂದು ಯಾರು ಹೇಳಬಲ್ಲರು?

‘ಇವತ್ತು ಪೂಲು ಮುಚ್ಚಿಬಿಡುವ’ ಎಂದ ತಿಂಡಿಗೆ ಕೂತಾಗ. ‘ಚಳಿಗಾಲ ಬಂತು. ಗಲ್ಫಿನಲ್ಲೆಲ್ಲ ಹಾಗೆಯೇ ಅಂತೆ, ಚಳಿಗೆ ಮೊದಲು ನೀರು ತಗ್ಗಿಸಿ, ಔಷಧ ಹಾಕಿ, ಬಿಗಿಯಾಗಿ ಮುಚ್ಚಿಡುವುದು. ಶುಕೂರಾಕ ಅವರೇ ಹೇಳಿದ್ದು.’

ಕಾಂತಿ ದೋಸೆ ಮಗುಚುತ್ತಿದ್ದಳು. ಮಗುಚಿದ ಮೇಲೂ ಸಟ್ಟುಗ ಕೈಯಲ್ಲೇ ಇತ್ತು. ‘ಇಲ್ಲಿ ಎಂತ ಚಳಿ? ಬೆಳಗ್ಗೆ ಒಂದು ಗಳಿಗೆ. ಈಗ ಮುಚ್ಚುವುದು ಎಂತಕ್ಕೆ?’

‘ಪ್ರಾಪ್ತಿಯೂ ಇಲ್ಲ. ಯಾರಿಗೆ ಅಂತ ತೆರೆದಿಡುವುದು?’ ಮಗಳು ಪ್ರಾಪ್ತಿ ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಭಾನುವಾರ ಅವಳನ್ನು ನೋಡಲು ಹೋದವನು ಅಲ್ಲಿನ ಅಂಗಡಿಯಿಂದ ದೊಡ್ಡ ಟರ್ಪಾಲು ತಂದು ಕಾರಿನ ಡಿಕ್ಕಿಯಲ್ಲೇ ಇಟ್ಟಿದ್ದ, ಹೆಂಡತಿಗೂ ಹೇಳಿರಲಿಲ್ಲ. ಯಾರಿಗೂ ಹೇಳದೆ ತಯಾರಾಗುವುದು ಹೋಟೆಲಿನಲ್ಲಿ ಅವನ ಪದ್ಧತಿ. ‘ಯಾರಿಗೆ?’ ಎಂದು ಇನ್ನೊಮ್ಮೆ ಕೇಳಿದ. ಕಾಂತಿ ದೋಸೆ ತಂದು ಹಾಕಿ ಹಿಂದಿರುಗುವಾಗ ಗೋಡೆ ಹಿಡಿದು ನಡೆದಳು.

‘ಇವತ್ತು ಎಂತ ಕುಂಟುವುದು?’

‘ಕಾಲಿನ ಗಂಟು ಹಿಡಿದುಕೊಂಡಿದೆ. ಬೆಳಗ್ಗೆ ಬೆಳಗ್ಗೆ ಹಾಗೆಯೇ ನನಗೆ. ನೀವು ನೋಡಿದ್ದು ಇವತ್ತು.’

ಗೋಡೆಯ ಆಚೆಗೆ ಮುಖ ಮಾಡಿ ಒಂದು ಕೂಗು ಹಾಕಿದ್ದಕ್ಕೇ ಶುಕೂರರು ಬಂದರು. ತಲೆಗೆ ಬಿಳಿ ಟೊಪ್ಪಿ, ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ. ಎರಡು ಕಲ್ಲುಕಂಬಗಳ ನಡುವಿನ ತಡಮೆಯನ್ನು ಅವರು ದಾಟುವ ರೀತಿಯೇ ಬೇರೆ, ಕೆಳಗೆ ನೋಡುವುದಿಲ್ಲ, ಕಾಲಿಗೇ ಗೊತ್ತು. ಇಂಥ ದಿನ, ಎರಡು ಪಂಗಡದ ಹುಡುಗರೂ ಕವಲುದಾರಿಯಲ್ಲಿ ಗುಂಪು ಕಟ್ಟಿ ನಿಂತಿರುವ ದಿನ, ಕರೆದ ಕೂಡಲೇ ಬಂದರಲ್ಲ ಎಂದು ಭೋಜನಿಗೆ ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣ, ಇಷ್ಟು ಬೇಗ ಬರಬೇಕಾದರೆ ಆ ಕಡೆ ನಿಂತು ಏನು ಮಾಡುತ್ತಿದ್ದರು ಎನಿಸಿತು.

ವಿಷಯ ಕೇಳಿ ಶುಕೂರರು ನೀರಿನ ಕಡೆ ನೋಡಿದರು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ. ‘ಬೇಡ ಮಾರಾಯ್ರೆ. ಅಲ್ಲಿ ಮರಳುಗಾಡಿನ ಚಳಿ, ರಾತ್ರಿ ಹಲ್ಲು ಕಡಿಯುತ್ತದೆ. ಇಲ್ಲಿ ಈಗಲೇ ಒಳ್ಳೆಯದು, ಮಳೆ ಇಲ್ಲ, ಎಲೆ ಬೀಳುವುದಿಲ್ಲ. ಮುಚ್ಚುವುದಾದರೆ ಮಳೆಗಾಲಕ್ಕೆ ಮುಚ್ಚುವ.’

‘ನಿಮಗೆ ಎಂತ ಮುಚ್ಚುವುದಕ್ಕೆ ಬೇಜಾರಾ?’

‘ನನಗೆಂತ ಬೇಜಾರು. ನಾನು ಇಳಿಯುವವನಾ?’ ಶುಕೂರರು ನಕ್ಕರು. ‘ಆಯ್ತು. ಚಳಿಗೆ ತಯಾರು ಮಾಡುವ ಅಂದರೆ ಮಾಡುವ. ಪೂರ್ತಿ ಖಾಲಿ ಮಾಡಬಾರದು ಮಾತ್ರ, ಹಾಳೆ ಒಣಗಿ ಬಿರಿಯುತ್ತದೆ.’

ಕೆಲಸ ಶುರುವಾಯಿತು. ಮೊದಲು ಏಣಿ ಬಿಚ್ಚಿದರು. ‘ಇದು ಬಿಸಿಲಿನಲ್ಲಿ ಬೇಡ, ನಮ್ಮ ಶೆಡ್ಡಿನಲ್ಲಿ ಇಡ್ತೇನೆ’ ಎಂದು ಶುಕೂರರು ಹೆಗಲ ಮೇಲೆ ಹೊತ್ತು ತಡಮೆ ದಾಟಿಸಿ ಇಟ್ಟು ಬಂದರು. ಭೋಜ ನೋಡುತ್ತ ನಿಂತ. ಏಣಿ ಯಾರಲ್ಲಿದೆಯೋ ಪೂಲು ಅವರದ್ದೇ ಆಗುವುದಲ್ಲವೇ? ಏಣಿ ಇಲ್ಲದೆ ಅವನು ನೀರಿಗೆ ಇಳಿಯುವ ಹಾಗಿಲ್ಲ. ಅವನಿಗೆ ಈಜು ಬರುತ್ತಿರಲಿಲ್ಲ. ಮೇ ತಿಂಗಳಲ್ಲಿ ಮೊದಲ ಸಲ ತುಂಬಿಸಿದ ದಿನ, ಎರಡೂ ಮನೆಯವರು, ಹೋಟೆಲಿನವರು, ಹೆಂಡತಿಯ ಕಡೆಯವರು ಎಲ್ಲ ಸೇರಿದ್ದಾಗ, ಅವನು ಎದೆಮಟ್ಟದ ನೀರಿನಲ್ಲಿ ಏಣಿ ಬಿಡದೆ ನಿಂತಿದ್ದ. ‘ಪಪ್ಪ ಬಸ್ಸಿನ ಕಂಬ ಹಿಡಿದ ಹಾಗೆ ಹಿಡಿದಿದ್ದಾರೆ’ ಎಂದು ಪ್ರಾಪ್ತಿ ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಶುಕೂರರೂ ನಕ್ಕರು. ಕಾಂತಿ ಆಗ ಸೀರೆ ಸ್ವಲ್ಪ ಎತ್ತಿಕೊಂಡು ಏಣಿಯ ಮೇಲಿನ ಮೆಟ್ಟಿಲಿನಲ್ಲಿ ಕೂತು ಪಾದ ಇಳಿಬಿಟ್ಟಿದ್ದಳು. ನಗು ತನ್ನ ಮೇಲಿಂದ ಹೋಗಲಿ ಎಂದು ಅವನು ಅವಳ ಕಡೆ ತಿರುಗಿ, ‘ನೀನು ಇಳಿಯಬೇಡ ಮಾರಾಯ್ತಿ, ನೀನು ಇಳಿದರೆ ನೀರೆಲ್ಲ ಹೊರಗೆ’ ಎಂದಿದ್ದ. ನಗು ಅಲ್ಲಿಗೆ ಹೋಯಿತು. ಎಲ್ಲರಿಗಿಂತ ಜೋರಾಗಿ ಕಾಂತಿಯೇ ನಕ್ಕಳು. ಆಮೇಲೆ ಪಾದ ಒರೆಸಿಕೊಂಡು, ಎಲ್ಲರಿಗೂ ಶರಬತ್ತು ಮಾಡಲು ಒಳಗೆ ಹೋದಳು.

ನೀರು ತಗ್ಗಿಸಲು ರಬ್ಬರಿನ ಪೈಪಿನ ಒಂದು ತುದಿಯನ್ನು ಪೂಲಿಗೆ ಹಾಕಿ ಇನ್ನೊಂದನ್ನು ತೆಂಗಿನ ಬುಡದ ಕಡೆ ಎಳೆದರು. ನಾಗನ ಕಟ್ಟೆಯ ಕಡೆಗೆ ಔಷಧದ ನೀರು ಹೋಗಬಾರದು ಎಂದು ಶುಕೂರರೇ ಮಣ್ಣಿನ ಸಣ್ಣ ದಂಡೆ ಮಾಡಿದರು. ನೀರು ಹರಿಯಬೇಕಾದರೆ ಬಾಯಿಟ್ಟು ಒಮ್ಮೆ ಎಳೆಯಬೇಕು. ಶುಕೂರರು ಪೈಪಿನ ತುದಿಯನ್ನು ಭೋಜನ ಕಡೆ ಚಾಚಿದರು. ‘ನೀವು ಎಳೆಯಿರಿ. ನನಗೆ ನೋಂಬು ಅಲ್ವಾ, ಬಾಯಿಗೆ ನೀರು ಹೋಗಬಾರದು.’ ಭೋಜ ಬಾಯಿಟ್ಟು ಎಳೆದ. ಎಳೆದದ್ದು ಹೆಚ್ಚಾಗಿ ಬಾಯಿ ತುಂಬ ನೀರು ಬಂತು, ಉಗುಳಿದ. ಕ್ಲೋರಿನಿನ ಕಟುವಿನ ಹಿಂದೆ ಎಣ್ಣೆಯ ರುಚಿ, ಎಣ್ಣೆಯಲ್ಲಿ ಕಾಸಿದ ಯಾವುದೋ ಸೊಪ್ಪಿನ ರುಚಿ. ಯಾರ ತಲೆಯದ್ದೋ ಎಣ್ಣೆ ತನ್ನ ನಾಲಗೆಯ ಮೇಲೆ ಎಂದು ಇನ್ನೊಮ್ಮೆ ಉಗುಳಿದ. ಶುಕೂರರು ಮುಖ ಆ ಕಡೆ ತಿರುಗಿಸಿದ್ದರು. ನಗು ತಡೆಯಲು ತಿರುಗಿಸಿದರು ಎಂದೇ ಭೋಜ ತಿಳಿದ.

ಕಾಂತಿ ಎರಡು ಲೋಟ ಚಹಾ ತಂದವಳು ಶುಕೂರರನ್ನು ಕಂಡು ನಾಲಗೆ ಕಚ್ಚಿಕೊಂಡು ಒಂದನ್ನು ಹಿಂದೆ ತೆಗೆದುಕೊಂಡು ಹೋದಳು. ನೀರು ಬೀಳುವ ಸದ್ದು ಕೇಳಿ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ‘ಎಷ್ಟು ತೆಗೀತೀರಿ?’ ಎಂದು ಕೇಳಿದಳು, ಗಂಡನನ್ನಲ್ಲ. ‘ಸ್ವಲ್ಪವೇ, ಕಾಂತಿಯಕ್ಕ’ ಎಂದರು ಶುಕೂರರು, ಏನೋ ಸಮಾಧಾನ ಹೇಳುವ ಧ್ವನಿಯಲ್ಲಿ. ಮೀನುಗಳು ಪೂರ್ತಿ ಮೇಲೆ ಬಂದು ಬಿಸಿಲಿಗೆ ಬಣ್ಣಗೆಟ್ಟು ಕಾಣುವಾಗ ಪೈಪು ತೆಗೆದರು. ಔಷಧದ ಪುಡಿ ಬಕೆಟಿನಲ್ಲಿ ಕಲಸಿ ಸುತ್ತಲೂ ಹೊಯ್ದರು. ಹಳೆಯ ಲಾರಿ ಟ್ಯೂಬಿಗೆ ಗಾಳಿ ತುಂಬಿ ನೀರಿನ ನಡುವೆ ತೇಲಬಿಟ್ಟರು. ಟರ್ಪಾಲು ಅದರ ಮೇಲೆ ಡೇರೆಯ ಹಾಗೆ ನಿಂತರೆ ಇಬ್ಬನಿ, ಎಲೆ ಎಲ್ಲ ಜಾರಿ ಹೊರಗೆ ಬೀಳುತ್ತದೆ. ಇನ್ನು ಪಂಪು. ಶುಕೂರರು ಅದರ ಮುಚ್ಚಳ ತಿರುವಿ ಬುಟ್ಟಿ ಎತ್ತಿದರು. ಬುಟ್ಟಿಯಲ್ಲಿ ಎರಡು ಮಾವಿನೆಲೆಯ ಜೊತೆ ಉದ್ದ ಕೂದಲಿನ ಒಂದು ಉಂಡೆ ಇತ್ತು. ಅವರು ಅದನ್ನು ಬೆರಳಿನಿಂದ ತೆಗೆದು, ಭೋಜನಿಗೆ ಕಾಣದ ಹಾಗೆ ಕಾಲ ಬಳಿಯ ಮಣ್ಣಿಗೆ ಹಾಕಿ, ಮೇಲೆ ಹಿಮ್ಮಡಿಯಿಂದ ಮಣ್ಣು ಎಳೆದರು.

ಕೈ ನೋಡಿ ನೋಡಿ ಪಳಗಿದವನು ಭೋಜ. ಅವನಿಗೆ ಅಷ್ಟು ಸಾಕಾಯಿತು. ‘ತೋರಿಸಿ ಶುಕೂರಾಕ, ಅದೆಂತ ಅಡಗಿಸುವುದು?’

‘ಎಂತದ್ದೂ ಇಲ್ಲ. ಕಸ.’

‘ಕಸ ಅಲ್ಲ. ಹೆಂಗಸರ ತಲೆಕೂದಲು. ನನಗೆ ಕಣ್ಣಿಲ್ಲವಾ?’ ತನ್ನ ಧ್ವನಿ ಗಲ್ಲಾದಲ್ಲಿ ಕೂತಾಗಿನ ಧ್ವನಿಯಾದದ್ದು ಭೋಜನಿಗೇ ಕೇಳಿಸಿತು. ‘ನಾನು ಇಲ್ಲದಾಗ ನಿಮ್ಮ ಮನೆಯ ಹೆಂಗಸರು ಬಂದು ಇಲ್ಲಿ ಮೀಯುವುದು ನನಗೆ ಗೊತ್ತಿಲ್ಲ ಅಂತ ತಿಳ್ಕೊಂಡಿದ್ದೀರಾ? ಕೇಳಿದ್ದರೆ ಬೇಡ ಅಂತಿದ್ದೆನಾ ನಾನು? ಕದ್ದು ಎಂತಕ್ಕೆ? ಇದು ಹೆಂಗಸರಿದ್ದ ಮನೆ. ಈ ದಿನಗಳಲ್ಲಿ ಯಾರಾದರೂ ನೋಡಿ ಏನಾದರೂ ಹುಟ್ಟಿಸಿದರೆ ಕಲ್ಲು ಬೀಳುವುದು ನನ್ನ ಹೋಟೆಲಿಗೆ.’

ಶುಕೂರರು ಬುಟ್ಟಿ ಹಿಡಿದುಕೊಂಡೇ ನಿಂತರು. ಅವರ ತುಟಿ ಒಣಗಿ ಬಿಳಿಯಾಗಿತ್ತು. ಅಡುಗೆಮನೆಯ ಬಾಗಿಲಿನ ಕಡೆ ನೋಡಿದರು. ಅಲ್ಲಿ ಕಾಂತಿ ನಿಂತಿದ್ದಳು, ಕೈಯಲ್ಲಿ ತೊಳೆದ ಲೋಟ.

‘ಹೇಳಿ. ಹೌದಾ ಅಲ್ಲವಾ? ಒಂದು ಮಾತು.’

‘ನೋಂಬು ಹಿಡಿದವನು ಸುಳ್ಳು ಹೇಳಬಾರದು ಭೋಜಣ್ಣ’ ಎಂದರು ಶುಕೂರರು ಮೆಲ್ಲಗೆ. ‘ಅದಕ್ಕೆ ನಾನು ಏನೂ ಹೇಳುವುದಿಲ್ಲ. ಆ ತುದಿ ಹಿಡಿಯಿರಿ, ಟರ್ಪಾಲು ಎಳೆದುಬಿಡುವ.’

ಇದಕ್ಕಿಂತ ಒಪ್ಪಿಗೆ ಇನ್ನೇನು ಬೇಕು? ಗೆದ್ದೆ ಎಂದುಕೊಂಡ ಭೋಜ. ಆದರೆ ಗೆದ್ದ ಹಾಗೆ ಆಗಲಿಲ್ಲ, ಯಾಕೆಂದರೆ ಶುಕೂರರು ಕೆಲಸ ಬಿಟ್ಟು ಹೋಗಲಿಲ್ಲ. ಬುಟ್ಟಿಯನ್ನು ತೊಳೆದು ಜಾಗದಲ್ಲಿ ಕೂರಿಸಿದರು. ಪಂಪಿನ ನೀರು ಬಸಿದರು. ಟರ್ಪಾಲನ್ನು ಸುತ್ತ ಎಳೆದು, ಒಂದೊಂದು ತೂತಿಗೂ ಹಗ್ಗ ಪೋಣಿಸಿ, ಕಬ್ಬಿಣದ ಕಾಲಿಗೆ ತಂದು, ಲಾರಿಯ ಲೋಡಿಗೆ ಹಾಕುವಂಥ ಗಂಟು ಹಾಕುತ್ತ ಹೋದರು. ಎಲ್ಲೂ ಸಡಿಲ ಬಿಡಲಿಲ್ಲ. ಇಬ್ಬರೂ ಒಂದೇ ಹಗ್ಗದ ಎರಡು ತುದಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ, ಪೂಲಿನ ಸುತ್ತ ಬಂದರು. ಮುಗಿದ ಮೇಲೆ ಶುಕೂರರು ಜೇಬಿನಿಂದ ಪಂಪಿನ ಸ್ವಿಚ್ಚು ಪೆಟ್ಟಿಗೆಯ ಕೀಲಿಕೈ ತೆಗೆದು ಟರ್ಪಾಲಿನ ಮೇಲಿಟ್ಟರು. ಅದು ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿ, ಈ ಸಲ ಜಗಲಿಯ ಮೆಟ್ಟಿಲ ಮೇಲಿಟ್ಟರು. ಆಮೇಲೆ ತಡಮೆಯ ಕಡೆ ಹೋಗದೆ, ಅಂಗಳ ಸುತ್ತಿ, ಕಾರಿನ ಪಕ್ಕದಿಂದ ನಡೆದು, ಮುಂದಿನ ಗೇಟು ತೆಗೆದು ಹೊರಗೆ ಹೋದರು. ಗೇಟನ್ನು ತಿರುಗಿ ಹಾಕಿ, ಚಿಲಕ ಬಿದ್ದಿದೆಯೇ ಎಂದು ನೋಡಿದರು. ರಸ್ತೆಯ ಮೂಲಕ ಸುತ್ತು ಬಳಸಿ ಮನೆಗೆ ಹೋಗುವವರನ್ನು, ನೆಂಟರನ್ನು ನೋಡುವ ಹಾಗೆ ಭೋಜ ನೋಡಿದ.

ಮಧ್ಯಾಹ್ನ ಊಟ ಸೇರಲಿಲ್ಲ. ಕಾಂತಿ ಬಡಿಸಿ ಹಿತ್ತಿಲಿಗೆ ಹೋದಳು. ಒಳಗೆ ಹೋಗಿ ಮಲಗಿದ. ಹಗಲು ಮಲಗಿ ಅಭ್ಯಾಸವಿಲ್ಲದವನಿಗೆ ತನ್ನ ಮಂಚವೇ ಲಾಡ್ಜಿನದ್ದೆನಿಸಿತು. ಅರಬಿಯ ಪೂಲು, ಶುಕೂರರ ಏಣಿ, ನನ್ನ ನೆಲ. ಸರಿಯಾಗಿಯೇ ಹೇಳಿದೆ, ಹೇಳಬೇಕಾದ್ದೇ. ಬಾಯಲ್ಲಿ ಆ ಎಣ್ಣೆಯ ರುಚಿ ಇನ್ನೂ ಇತ್ತು. ಮಗ್ಗುಲು ಬದಲಿಸಿ ಕಾಂತಿಯ ದಿಂಬಿಗೆ ಮುಖ ಹಾಕಿದ. ಹಾಕಿದವನು ಹಾಗೆಯೇ ಉಳಿದ. ತಿಮರೆಯ, ಎಂದರೆ ಒಂದೆಲಗದ, ಸೊಪ್ಪು ಹಾಕಿ ಕಾಸಿದ ತೆಂಗಿನೆಣ್ಣೆ. ಪ್ರತಿ ತಿಂಗಳು ಮನೆಯೆಲ್ಲ ಹಬ್ಬುವಂತೆ ಅವಳು ಕಾಸುವ ಎಣ್ಣೆ. ಅದರ ವಾಸನೆಯ ಪಕ್ಕದಲ್ಲೇ ಅವನು ಇಷ್ಟು ವರ್ಷ ಮಲಗಿದ್ದ. ಶುಕೂರರ ಹಿಮ್ಮಡಿಯ ಕೆಳಗೆ ಹೋದ ಆ ಕೂದಲ ಉಂಡೆಯಲ್ಲಿ ಬಿಳಿ ಎಳೆಗಳಿದ್ದವು. ಇದ್ದವು, ಅವನು ನೋಡಿದ್ದ. ನೋಡಿಯೂ ಶಾಹಿದಾಳ ಕೂದಲು ಎಂದುಕೊಂಡಿದ್ದ. ಇಪ್ಪತ್ತರ ಹುಡುಗಿಯ ತಲೆಯಲ್ಲಿ ನರೆ ಎಲ್ಲಿಂದ ಬರಬೇಕು? ಪೈಪಿಗೆ ಬಾಯಿಡಲು ಒಪ್ಪದ ಮನೆಯವರು ಮೂಗು ಬಾಯಿ ಮುಳುಗುವ ನೀರಿಗೆ ಈ ತಿಂಗಳಲ್ಲಿ ಇಳಿಯುತ್ತಾರೆಯೇ? ಒಂದೊಂದೇ ಎದುರು ಬಂದು ನಿಂತವು, ಬೆಳಗಿನಿಂದ ಬಾಗಿಲ ಹೊರಗೆ ಕಾದು ಕೂತಿದ್ದ ಹಾಗೆ. ಮದುವೆಯಾದ ವರ್ಷ ನಾರಾವಿಯಲ್ಲಿ ಅವಳ ತವರಿನ ಕೆರೆಯ ಬಳಿ ಅವಳ ತಮ್ಮಂದಿರು ಹೇಳಿದ್ದರು, ‘ಭಾವ, ಅಕ್ಕ ಮುಳುಗಿದರೆ ನಮಗೆ ಹೆದರಿಕೆಯಾಗುವವರೆಗೆ ಮೇಲೆ ಬರುವುದಿಲ್ಲ.’ ಹೆಂಡತಿಯ ಕಡೆಯವರು ಹೆಂಡತಿಯನ್ನು ಹೊಗಳುವುದು ಸಹಜ ಎಂದುಕೊಂಡು ಅವನು ನಕ್ಕು, ಆ ಮಾತನ್ನು ಅಲ್ಲೇ ಬಿಟ್ಟು ಬಂದಿದ್ದ.

ಬಚ್ಚಲಿನ ಹಿಂದೆ, ಮುಂದಿನ ಅಂಗಳಕ್ಕೆ ಕಾಣದ ಕಡೆ, ಒಂದು ಹಳೆಯ ನೈಟಿ ನೇತಾಡುತ್ತಿತ್ತು. ಅದರ ನೀಲಿ ಬಣ್ಣ ಕ್ಲೋರಿನಿಗೆ ತಿಂದುಹೋಗಿ ತೇಪೆ ತೇಪೆಯಾಗಿತ್ತು. ಕಾಂತಿ ಅದರ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಅವನು ಬಂದು ನಿಂತದ್ದನ್ನು ಕಂಡೂ ತಿಕ್ಕುವುದನ್ನು ನಿಲ್ಲಿಸಲಿಲ್ಲ.

‘ನೀನಾ?’ ಎಂದ.

‘ನಾನೇ.’

‘ಬೆಳಗ್ಗೆ ಯಾಕೆ ಹೇಳಲಿಲ್ಲ? ಅಲ್ಲಿಯೇ ನಿಂತಿದ್ದೆಯಲ್ಲ.’

‘ನೀವು ಕೇಳಿದ್ದು ಅವರನ್ನು. ನನ್ನನ್ನು ಕೇಳಲೇ ಇಲ್ಲ. ಇಷ್ಟು ದಿನದಿಂದ ನೀರು ಇಳಿದಿದೆ, ನೀರು ಇಳಿದಿದೆ ಅಂತ ಹೇಳ್ತಾ ಇದ್ದೀರಿ. ನೀನು ಏನಾದರೂ ಇಳಿದೆಯಾ ಅಂತ ಒಂದು ಸಲ ಕೇಳ್ತೀರೇನೋ ಅಂತ ಕಾದೆ. ಕೇಳಿದ್ದರೆ ಹೇಳ್ತಿದ್ದೆ.’ ಕಾಂತಿ ಸೀರೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡಳು. ‘ನೀರು ಹೊರಗೆ ಹೋಗ್ತದೆ ಅಂತ ಅವತ್ತು ನೀವೇ ಹೇಳಿದ್ದಲ್ವಾ? ಹೋಗ್ತದೆ. ನಾನು ನೋಡಿದೆ. ಆದರೆ ಉಳಿದ ನೀರಿನಲ್ಲಿ ಈ ಕಾಲು ನನ್ನದೇ ಅಲ್ಲವೇನೋ ಅನ್ನುವಷ್ಟು ಹಗುರ. ಮೇಲೆ ಬಂದು ಮಧ್ಯಾಹ್ನದವರೆಗೆ ನೋವಿಲ್ಲ. ಇಡೀ ದಿನದಲ್ಲಿ ನನಗೆ ಇದ್ದ ಸುಖ ಅಷ್ಟೇ. ನೀವು ಅದಕ್ಕೆ ಟರ್ಪಾಲು ತಂದಿರಿ.’

‘ಅವರಿಗೆ ಗೊತ್ತಿತ್ತಾ?’ ಎಂದು ಕೇಳಿದ.

‘ಗೊತ್ತಿರದೆ? ಒಬ್ಬಳೇ ನೀರಿಗೆ ಇಳಿಯಬಾರದು ಅಂತ ಸೌದಕ್ಕ ಆ ಕಡೆ ಗೋಡೆಯ ಹತ್ತಿರ ನಿಲ್ತಿದ್ರು. ನಾನು ಮೇಲೆ ಬರುವವರೆಗೆ. ಶುಕೂರಾಕ ಆ ಹೊತ್ತಿನಲ್ಲಿ ತೋಟದ ಈ ಬದಿಗೇ ಬರುವುದಿಲ್ಲ, ಹೆಂಡತಿ ಹೇಳಿಟ್ಟಿದ್ದಾರೆ. ಬುಟ್ಟಿಯಿಂದ ನನ್ನ ಕೂದಲು ಎಷ್ಟು ಸಲ ತೆಗೆದು ಬಿಸಾಡಿದ್ದಾರೋ ಏನೋ. ಶಾಹಿದಾ ಪಾಪ ಹೆರಿಗೆಗೆ ಫರಂಗಿಪೇಟೆಯ ತಾಯಿಮನೆಗೆ ಹೋಗಿ ತಿಂಗಳ ಮೇಲಾಯಿತು. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಯಾರಿಲ್ಲ ಅಂತಲೂ ನೋಡದವರಿಗೆ ಮೀನಿನ ಬೆನ್ನು ಒಣಗಿದ್ದು ಕಾಣ್ತದೆ.’

‘ಮತ್ತೆ ಅವರಾದರೂ ಹೇಳಬಹುದಿತ್ತಲ್ಲ, ಕಾಂತಿಯಕ್ಕ ಅಂತ?’

‘ಹೇಳಿದ್ದರೆ ನೀವು ಅವರ ಎದುರೇ ನನಗೆ ಏನು ಹೇಳ್ತಿದ್ರಿ ಅಂತ ಅವರಿಗೆ ಗೊತ್ತುಂಟು. ಆ ದಿನ ಅವರೂ ಇದ್ದರಲ್ಲ.’ ಅವಳು ಗೋಡೆಯ ಆಚೆ ನೋಡಿದಳು. ‘ನನ್ನದೂ ತಪ್ಪೇ. ಬಾಯಿ ಬಿಡಬೇಕಿತ್ತು ನಾನು. ಲೋಟ ಹಿಡಿದುಕೊಂಡು ಸುಮ್ಮನೆ ನಿಂತೆ. ಸೌದಕ್ಕನ ಮುಖ ಹೇಗೆ ನೋಡಲಿ ಇನ್ನು?’

ಹಾಗಾದರೆ ಇಷ್ಟು ದಿನವೂ ಎರಡು ಮನೆಯವರು ಸೇರಿ ತನ್ನೊಬ್ಬನಿಂದ ಒಂದು ವಿಷಯ ಮುಚ್ಚಿಟ್ಟಿದ್ದರು. ಎಂಥ ಗುಟ್ಟು ಇದು, ಇನ್ನೂ ಏನೇನಿದೆಯೋ ಎಂದು ಮನಸ್ಸು ಆಗಲೇ ಕೈ ನೋಡಲು ಹೊರಟಿತ್ತು. ಶುಕೂರರು ‘ಸ್ವಲ್ಪವೇ, ಕಾಂತಿಯಕ್ಕ’ ಎಂದ ಧ್ವನಿಯನ್ನು ನೆನಪಿಸಿಕೊಂಡು ಅದನ್ನು ತಿರುವಿ ತಿರುವಿ ನೋಡುತ್ತಿತ್ತು. ಭೋಜನಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಇದು ನಿಲ್ಲುವುದಿಲ್ಲ, ಈ ಯಂತ್ರ ನನ್ನೊಳಗೆ ನಾನು ಸಾಯುವವರೆಗೆ ತಿರುಗುತ್ತದೆ ಎನಿಸಿ ಹೆದರಿಕೆಯೂ ಆಯಿತು. ಒಬ್ಬ ಮನುಷ್ಯ ಒಣಗಿದ ಬಾಯಲ್ಲಿ ನಿಂತು, ತನ್ನ ಮನೆಯ ಹೆಂಗಸರ ಮೇಲೆ ಬಿದ್ದ ಮಾತನ್ನು, ಇನ್ನೊಬ್ಬನ ಹೆಂಡತಿಯ ಮಾನ ಉಳಿಯಲಿ ಎಂದು ನುಂಗಿದ್ದ. ಅಂಥವನ ಕೈಯಿಂದಲೇ ತಾನು ಗಂಟು ಹಾಕಿಸಿಕೊಂಡಿದ್ದ.

‘ಬಿಚ್ಚಿಬಿಡ್ತೇನೆ’ ಎಂದು ಅಂಗಳಕ್ಕೆ ಹೋದ. ಒಂದು ಗಂಟನ್ನೂ ಬಿಚ್ಚಲಾಗಲಿಲ್ಲ. ಎಲ್ಲಿ ಎಳೆದರೂ ಅದು ಇನ್ನಷ್ಟು ಬಿಗಿಯಾಗುತ್ತಿತ್ತು. ಉಗುರು ಉರಿಯಿತು. ಬಿಸಿಲು ತೆಂಗಿನ ಗರಿಗಳ ಮೇಲೆ ಹೋಗಿ ಕೂತಿತು. ಕಾಂತಿ ಕತ್ತಿ ತಂದು ಕೊಟ್ಟಳು. ‘ಕಡಿದುಹಾಕಿ.’

‘ಬೇಡ. ಅವರು ಕಟ್ಟಿದ್ದು. ಅವರೇ ಬಿಚ್ಚಲಿ. ನಾನು ಹೋಗಿ ಕರೀತೇನೆ.’

‘ಅವರು ಇನ್ನು ಬರ್ತಾರೆ ಅಂತ ನಿಮಗೆ ಯಾರು ಹೇಳಿದರು?’

ಭೋಜ ಅಂಗಿ ಬದಲಿಸಲಿಲ್ಲ. ಕೈಗೆ ಮೆತ್ತಿದ್ದ ಔಷಧದ ಪುಡಿಯನ್ನು ಪಂಚೆಗೆ ಒರೆಸಿಕೊಂಡು ತಡಮೆಯ ಕಡೆ ನಡೆದ. ಏನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಳ್ಳಲು ನೋಡಿದ. ತಪ್ಪಾಯಿತು ಶುಕೂರಾಕ. ಆದರೆ ನೀವೂ ಒಂದು ಮಾತು ಹೇಳಬಹುದಿತ್ತು. ಆ ಎರಡನೆಯ ವಾಕ್ಯ ಬೇಡ, ಮೊದಲನೆಯದ್ದಷ್ಟೇ ಸಾಕು ಎಂದುಕೊಂಡ. ಬೇಡವೆಂದರೂ ಅದು ಹಿಂದೆ ಹಿಂದೆಯೇ ಬರುತ್ತಿತ್ತು. ತಲೆ ಎತ್ತಿದಾಗ ತಡಮೆಯಲ್ಲಿ ಏಣಿ ನಿಂತಿತ್ತು. ಪೂಲಿನ ಏಣಿ. ತೊಳೆದು, ಒರೆಸಿ, ಎರಡು ಕಲ್ಲುಕಂಬಗಳಿಗೂ ಅಡ್ಡವಾಗಿ ನಿಲ್ಲಿಸಿ, ಆ ಕಡೆಯಿಂದ ಹಗ್ಗ ಹಾಕಿ ಕಟ್ಟಿದ್ದರು. ಅವನ ವಸ್ತುವನ್ನು ಅವನಿಗೆ ಮರಳಿಸಿದ್ದರು, ದಾರಿಯನ್ನೂ ಮುಚ್ಚಿದ್ದರು. ಭೋಜ ಬಗ್ಗಿ ನೋಡಿದ. ಅದೇ ಗಂಟು.

ಎರಡು ಮೆಟ್ಟಿಲುಗಳ ನಡುವಿನಿಂದ ಆ ಕಡೆಯ ಜಗಲಿ ಕಾಣುತ್ತಿತ್ತು. ಚಾಪೆ ಹಾಸಿ ಶುಕೂರರು ಕೂತಿದ್ದರು. ಎದುರಿಗೆ ತಟ್ಟೆಯಲ್ಲಿ ಖರ್ಜೂರ, ಒಂದು ಲೋಟ ನೀರು. ಮುಟ್ಟದೆ ಕೂತಿದ್ದರು. ಸೌದಾ ಒಳಗಿನಿಂದ ಇನ್ನೇನೋ ತಂದಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಅವಳ ಮುಖ ಈ ಕಡೆಗಿತ್ತು. ಕಂಡಳೋ ಇಲ್ಲವೋ ತಿಳಿಯಲಿಲ್ಲ. ಶುಕೂರಾಕ ಎಂದು ಕರೆಯಲು ಬಾಯಿ ತೆರೆದಾಗಲೇ ಮೆಲ್ಕಾರಿನ ಮಸೀದಿಯಿಂದ ಉಪವಾಸ ಬಿಡುವ ಹೊತ್ತಿನ ಬಾಂಗ್ ಕೇಳಿಸಿತು. ಶುಕೂರರ ಕೈ ಲೋಟದ ಕಡೆ ಹೋಯಿತು.

ಭೋಜ ಬಾಯಿ ಮುಚ್ಚಿದ. ತಾನು ಹೆಸರು ಹಿಡಿದು ಕರೆದರೆ ಆ ಮನುಷ್ಯ ಲೋಟ ಕೆಳಗಿಟ್ಟು ಎದ್ದೇಳುವನು, ಇವತ್ತಿನಂಥ ದಿನವೂ ಎದ್ದೇಳುವನು. ಅಷ್ಟು ಮಾತ್ರ ಅವನಿಗೆ ಯಾವ ಅನುಮಾನವೂ ಇಲ್ಲದೆ ಗೊತ್ತಿತ್ತು. ಮೊದಲು ಅವರು ನೀರು ಕುಡಿಯಲಿ. ಏಣಿಯ ಮೆಟ್ಟಿಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಅವನು ಈಚೆಯಲ್ಲೇ ನಿಂತ.